ಬಂತಾ?

ಹತ್ತು ಗಂಟೆಗೆ ಟೀವಿಯಲ್ಲಿ ಪಾಠ.
ಒಂಬತ್ತೂಮುಕ್ಕಾಲಿಗೆ ನಾನು ಏಣಿ ಹತ್ತುತ್ತಿದ್ದೆ,
ಸತುರ್ನಿನೊನ ಹಳೆಯ ಕೋಟು ತೊಟ್ಟು,
ಲಂಗದ ಮೇಲೆ ಲಂಗ, ಕಿವಿ ಮುಚ್ಚುವ ಉಣ್ಣೆ ಟೋಪಿ.
ಅಯವೀರಿಯಿಂದ ಇನ್ನೂ ಮೇಲೆ, ಮರವೊಂದೂ ಬೆಳೆಯದ ಕಡೆ
ನಮ್ಮ ತಗಡಿನ ಮಾಡೇ ಊರಿಗೆಲ್ಲ ಎತ್ತರದ ಗಿಡ;
ಅದರ ತುದಿಗೊಂಬೆ ನಾನು, ಕೈಯಲ್ಲಿ ಅಂಟೆನಾ.

ಶಾಲೆಗೆ ಬೀಗ ಬಿದ್ದಿತ್ತು.
ಮೇಷ್ಟ್ರು ಲಾರಿ ಹತ್ತಿ ಪೂನೊಗೆ ಹೋಗಿದ್ದರು,
ಹೋಗುವಾಗ ಒಂದು ಚೀಟಿ ಕೊಟ್ಟು: ಯಾವ ದಿನ ಯಾವ ಪಾಠ.
ಮಡಿಸಿ ಒಣ ಆಲೂಗಡ್ಡೆಯ ಮೂಟೆಯಲ್ಲಿಟ್ಟೆ.
ಓದುವವರು ಯಾರಿದ್ದರು ಮನೆಯಲ್ಲಿ?

ಕೆಳಗೆ ಯೆಸೇನಿಯಾ, ಆರು ವರ್ಷ,
ಕುರಿತೊಗಲಿನ ಮೇಲೆ ಕೂತು ಕಿರುಚುವಳು.
"ಬಂತಾ?" ನಾನು.
"ಇರುವೆ ಬಂತಮ್ಮ, ಬರೀ ಇರುವೆ!"
ಕೋಲನ್ನು ಒಂದು ಬೆರಳಷ್ಟು ತಿರುಗಿಸಿದೆ.
"ಈಗ?"
"ಟೀಚರ್ ತಲೆ ಬಂತು. ಹಲಗೆ ಬರಲಿಲ್ಲ."
ಇನ್ನೊಂದು ಬೆರಳು.
"ಮಾ ಬಂತು! ಮಾ! ಪಕ್ಕದ್ದು ಬರಲಿಲ್ಲ."
ಉಸಿರು ಬಿಗಿಹಿಡಿದು, ಸೊಂಟ ತುಸು ಎಡಕ್ಕೆ
"ನೋ! ಮಾ... ನೋ! ಮಾನೋ!"

ಮಾನೋ ಎಂದರೆ ಕೈ. ಸಂತೆಯ ಸ್ಪ್ಯಾನಿಷ್ ಅಷ್ಟು ನನಗೂ ಗೊತ್ತು.
ಇಲ್ಲಿ ಎರಡು ಕೈ ಮರಗಟ್ಟಿದ್ದಕ್ಕೆ
ಅಲ್ಲಿ ಕೆಳಗೆ ಒಂದು ಕೈ ಮೂಡಿತು.

ಅಕ್ಷರಗಳ ಮುಖ ನಾನು ಕಂಡವಳಲ್ಲ.
ಅವುಗಳ ದಿಕ್ಕು ಬಲ್ಲೆ.
ಲ ಬೇಕಾದರೆ ಕರಿಗುಡ್ಡದ ಕಡೆ ತಿರುಗಬೇಕು.
ರ ಹಠಮಾರಿ, ಗಾಳಿ ನಿಂತರೇ ಬರುವುದು.
ಸ ಅಂತೂ ಅಲ್ಪಾಕಗಳ ದೊಡ್ಡಿಯ ಮೇಲೆ ಸುಳಿದು
ಹಿಡಿದೆ ಅನ್ನುವಷ್ಟರಲ್ಲಿ "ಹೋಯ್ತು" ಎನ್ನುವಳು ಮಗಳು.
ಕುರಿ ಅಟ್ಟುತ್ತಿದ್ದ ಫೌಸ್ತಿನಾ ಕತ್ತೆತ್ತಿ
"ಏನೇ, ಒಗೆದ ಬಟ್ಟೆ ಹಾಗೆ ನೇತಾಡ್ತಿದ್ದೀಯ" ಎಂದಳು.
"ಓದ್ತಾ ಇದ್ದೀನಿ" ಎಂದೆ.
ಗುಡ್ಡ ದಾಟುವ ತನಕ ನಗುತ್ತಲೇ ಹೋದಳು.

ಒಂದು ದಿನ ಟೋಪಿ ಹಾಕಿದ ಅಕ್ಷರ ಬಂತಂತೆ.
"ಅಮ್ಮಾ, ಞ! ನಮ್ಮ ಮಾತಲ್ಲೂ ಇದೆಯಲ್ಲ, ಞಾವಿ!"
ಞಾವಿ, ಕಣ್ಣು.
ನಮ್ಮ ಕೆಚುವಾದಲ್ಲಿ ಓದು ಅನ್ನುವ ಮಾತು
ಹುಟ್ಟಿದ್ದೇ ಕಣ್ಣಿನಿಂದ.
ಓದು ಬಾರದವಳು ಕಣ್ಣಿಲ್ಲದವಳು ಎನ್ನುತ್ತಿದ್ದಳು ನನ್ನಜ್ಜಿ,
ತನ್ನನ್ನೇ ಹಾಗೆ ಕರೆದುಕೊಳ್ಳುತ್ತ
ಸೂಜಿಗೆ ದಾರ ಪೋಣಿಸುತ್ತಿದ್ದಳು, ಒಂದೇ ಸಲಕ್ಕೆ.

ಆಮೇಲೆ ಸತುರ್ನಿನೊ ಗಣಿಯಿಂದ ಬಂದ,
ಒಂದು ಸಿಂಬಿ ತಂತಿ, ಒಂದು ಕೆಮ್ಮು ಹೊತ್ತು.
ನಾನು ಇಷ್ಟು ತಿಂಗಳು ಹಿಡಿದದ್ದನ್ನು
ಅರ್ಧ ಗಂಟೆಯಲ್ಲಿ ಬಿಗಿದು ಕಟ್ಟಿ
"ಇನ್ನು ಇಳಿ" ಎಂದ.

ಇಳಿದೆ. ತೊಗಲಿನ ಮೇಲೆ ಮಗಳ ಪಕ್ಕ ಕೂತೆ.
ಹಸಿರು ಸ್ವೆಟರಿನ ಹೆಂಗಸು. ಇಷ್ಟು ಚಿಕ್ಕವಳೇ ಇವಳು?
ಹಲಗೆಯಲ್ಲಿ ಬಿಳಿ ಗೆರೆ, ಕೊಕ್ಕೆ, ಸೊನ್ನೆ.
ಮಡಿಲಲ್ಲಿ ನನ್ನ ಕೈ, ಹಿಡಿಯಲು ಏನೂ ಇಲ್ಲದೆ,
ಆದರೂ ಕೋಲಿನ ಗಾತ್ರಕ್ಕೆ ಮಡಿಚಿಕೊಂಡೇ.
ಯೆಸೇನಿಯಾ ಗಾಜಿಗೆ ಬೆರಳಿಟ್ಟಳು: "ಇದು ಲ."
ಲ? ಈ ಒಂದು ಕಡ್ಡಿಯೆ?
ಇದಕ್ಕೋ ನಾನು ಇಡೀ ಮೈಯನ್ನು ಕರಿಗುಡ್ಡದ ಕಡೆ ತಿರುಗಿಸಿದ್ದು?
ಕಣ್ಣು ಮುಚ್ಚಿ, ಕೂತಲ್ಲೇ ತುಸು ವಾಲಿದೆ.
"ನಿದ್ದೆ ಮಾಡಬೇಡಮ್ಮ."
"ಇಲ್ಲ ಕಣೇ. ಗಾಳಿ ಯಾವ ಕಡೆಗಿದೆ ನೋಡು."
ಅವಳು ಗಾಳಿ ನೋಡಲಿಲ್ಲ, ನನ್ನನ್ನು ನೋಡಿದಳು.
ಗಲ್ಲ ಹಿಡಿದು ಟೀವಿಯ ಕಡೆ
ಒಂದು ಬೆರಳಷ್ಟು ತಿರುಗಿಸಿ ಕೇಳಿದಳು:
"ಬಂತಾ?"

ಲ ಬಂತು, ಎಂದೆ.
ಪಕ್ಕದ್ದು ಇನ್ನೂ ಇರುವೆ.